ನಾರಿಕೇಳಪಾಕವೂ ಪತ್ತೇದಾರಿ ಕಥಾಮಾಲೆಯೂ

೧

ಕಾವ್ಯದ ರಸವು ವಾಚಕನಿಗೆ ದಕ್ಕುವ ಬಗೆಯನ್ನು ಆಲಂಕಾರಿಕರು ಪಾಕವೆಂಬ ಹೆಸರಿನಿಂದ ವಿಂಗಡಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಬಾಯಿಗಿಟ್ಟೊಡನೆ ಒಳಗೂ ಹೊರಗೂ ರಸವನ್ನೀಯುವುದು ದ್ರಾಕ್ಷಾಪಾಕ. ಸಿಪ್ಪೆಯಷ್ಟನ್ನು ಸುಲಿದರೆ ದೊರೆಯುವುದು ಕದಳೀಪಾಕ. ನಾರನ್ನು ಬಿಡಿಸಿ ಕರಟವನ್ನೊಡೆದ ಬಳಿಕವೇ ಲಭಿಸುವುದು ನಾರಿಕೇಳಪಾಕ. ಭಾರವಿಯ ‘ಕಿರಾತಾರ್ಜುನೀಯ’ಕ್ಕೆ ವ್ಯಾಖ್ಯಾನವನ್ನು ರಚಿಸಿದ ಮಲ್ಲಿನಾಥನು ಆ ಕವಿಯ ವಾಣಿಯನ್ನು ತೆಂಗಿನಕಾಯಿಗೆ ಹೋಲಿಸಿರುವುದೂ ಪ್ರಸಿದ್ಧವಾದ ಸಂಗತಿ.

ಈ ವಿಂಗಡಣೆಯು ಪ್ರೌಢಕಾವ್ಯಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ಸಾಮಾನ್ಯವಾಗಿ ಉಂಟು. ಆದರೆ ಪಂಡಿತರು ಕಣ್ಣೆತ್ತಿಯೂ ನೋಡದ ಒಂದು ಸಾಹಿತ್ಯಜಾತಿಗೂ ಇದು ಚೆನ್ನಾಗಿ ಒಪ್ಪುತ್ತದೆ. ಅದೇ ಪತ್ತೇದಾರಿ ಕಾದಂಬರಿ. ಇದರ ಮಾತು ದ್ರಾಕ್ಷೆಯಂತೆ ಸುಲಭ. ನಾಲ್ಕಕ್ಷರ ಕಲಿತವನೂ ತಡೆಯಿಲ್ಲದೆ ಓದಬಲ್ಲನು. ಇದರ ವಸ್ತುವಾದರೋ ತೆಂಗಿನಂತೆ ಗಟ್ಟಿ. ಕೊನೆಯ ಪ್ರಕರಣದವರೆಗೂ ಕರಟವು ಒಡೆಯುವುದಿಲ್ಲ. ಈ ಎರಡು ಪಾಕಗಳ ಕೂಟವೇ ಇದರ ಆಕರ್ಷಣೆಯ ಮೊದಲ ಕಾರಣವೆಂದು ತೋರುತ್ತದೆ.

ಆದರೂ ಇಲ್ಲಿ ಒಂದು ಪ್ರಶ್ನೆ ಏಳುವುದು. ಒಂದು ಕಾಯಿಯನ್ನು ಒಡೆದ ಮೇಲೆ ಅದರ ಕುತೂಹಲವು ತೀರಿತಷ್ಟೆ. ಹಾಗಿದ್ದಲ್ಲಿ ಒಬ್ಬನೇ ಪತ್ತೇದಾರನ ಹೆಸರಿನಲ್ಲಿ ಹತ್ತಾಗಿ ನೂರಾಗಿ ಹೊರಡುವ ಕಥಾಮಾಲೆಯನ್ನು ವಾಚಕನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸುವುದೇಕೆ? ಕಳ್ಳನು ಸಿಕ್ಕಿಬೀಳುವನೆಂದು ಆತನಿಗೆ ಮೊದಲೇ ಗೊತ್ತು. ಪತ್ತೇದಾರನು ಗೆಲ್ಲುವನೆಂಬುದರಲ್ಲಿಯೂ ಸಂದೇಹವಿಲ್ಲ. ಗೊತ್ತಿದ್ದುದನ್ನೇ ಮತ್ತೆ ಮತ್ತೆ ಅರಸಿ ಬರುವಂತೆ ಮಾಡುವ ಶಕ್ತಿ ಯಾವುದು? ಈ ಪ್ರಶ್ನೆಗೆ ಉತ್ತರವು ದೊರೆಯಬೇಕಾದರೆ ಈ ಜಾತಿಯ ಹುಟ್ಟುಬೆಳವಣಿಗೆಗಳನ್ನು ಸ್ವಲ್ಪ ವಿಚಾರಿಸುವುದು ಅವಶ್ಯಕ.

೨

ಅಪರಾಧವನ್ನು ಕುರುಹುಗಳಿಂದ ಕಂಡುಹಿಡಿಯುವ ಶಾಸ್ತ್ರವು ಭರತಖಂಡಕ್ಕೆ ಹೊಸದಲ್ಲ. ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ‘ಕಂಟಕಶೋಧನ’ವೆಂಬ ನಾಲ್ಕನೆಯ ಅಧಿಕರಣವು ಇದಕ್ಕಾಗಿಯೇ ಮೀಸಲಾಗಿದೆ. ಹಠಾತ್ತಾಗಿ ಸತ್ತವನ ಶವವನ್ನು ಎಣ್ಣೆ ಸವರಿ ಪರೀಕ್ಷಿಸತಕ್ಕದ್ದು. ಕೊರಳಿನ ಗುರುತು, ಕೈಕಾಲುಗಳ ಬಾವು, ತೆರೆದ ಕಣ್ಣು ಮೊದಲಾದುವುಗಳಿಂದ ಉಸಿರು ಕಟ್ಟಿಸಿ ಕೊಂದುದನ್ನು ತಿಳಿಯತಕ್ಕದ್ದು. ಉಂಡುಳಿದ ಅನ್ನವನ್ನು ಪರೀಕ್ಷಿಸಿ ವಿಷಪ್ರಯೋಗವನ್ನು ನಿರ್ಣಯಿಸತಕ್ಕದ್ದು. ಕನ್ನ ಹಾಕಿದವನು ಮನೆಯ ಒಳಗಿನವನೋ ಹೊರಗಿನವನೋ ಎಂಬುದನ್ನು ಕನ್ನದ ರೀತಿಯಿಂದಲೇ ಊಹಿಸತಕ್ಕದ್ದು. ಇವೆಲ್ಲ ಅಲ್ಲಿ ವಿಧಿರೂಪದಲ್ಲಿ ಉಕ್ತವಾಗಿವೆ. ಶಾಸ್ತ್ರವು ಇದ್ದಿತೆಂಬುದರಲ್ಲಿ ಸಂಶಯವಿಲ್ಲ. ಆ ಶಾಸ್ತ್ರವನ್ನು ಬಲ್ಲವನು ಕಥಾನಾಯಕನಾದನೆ ಎಂಬುದೇ ವಿಚಾರಾರ್ಹವಾದ ಅಂಶ.

ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುವನು. ಕನ್ನಕ್ಕೆ ಕಮಲದ ಆಕಾರವೋ ಪೂರ್ಣಕುಂಭದ ಆಕಾರವೋ ಎಂದು ಆತನು ಚಿಂತಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುತ್ತಾನೆ. ಇಲ್ಲಿ ಬುದ್ಧಿವಂತಿಕೆಯೆಲ್ಲ ಕಳ್ಳನ ಪಾಲಿಗೆ ಬಂದಿದೆ. ಒಂಬತ್ತನೆಯ ಅಂಕದ ನ್ಯಾಯಸಭೆಯಲ್ಲಿಯಾದರೋ ವಿದೂಷಕನ ಬಳಿಯಿಂದ ಬಿದ್ದ ಆಭರಣಗಳನ್ನೇ ಹೇತುವಾಗಿಟ್ಟುಕೊಂಡು ಚಾರುದತ್ತನನ್ನು ಕೊಲೆಗಾರನೆಂದು ತೀರ್ಮಾನಿಸುತ್ತಾರೆ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಅದು ಶುದ್ಧವಾದ ಹೇತ್ವಾಭಾಸ. ಆದರೆ ಆ ಆಭಾಸವನ್ನು ಬಿಡಿಸಿ ತೋರಿಸುವವನು ನಾಟಕದಲ್ಲಿ ಒಬ್ಬನೂ ಇಲ್ಲ. ಸತ್ತಳೆಂದು ಭಾವಿಸಿದ ವಸಂತಸೇನೆಯೇ ಜೀವಸಹಿತ ಬಂದು ನಿಂತಾಗ ಸತ್ಯವು ಹೊರಪಡುತ್ತದೆ.

ಕನ್ನಡದ ಮೊದಲ ಗದ್ಯಕೃತಿಗಳಲ್ಲಿ ಅಗ್ರಗಣ್ಯವಾದ ‘ವಡ್ಡಾರಾಧನೆ’ಯಲ್ಲಿ ಇದಕ್ಕೂ ಹತ್ತಿರವಾದ ಒಂದು ನಿದರ್ಶನವಿದೆ. ಹತ್ತೊಂಬತ್ತು ಕಥೆಗಳ ಆ ಗ್ರಂಥದಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಆ ಕಳ್ಳನು ಹಗಲಲ್ಲಿ ಕುಷ್ಠರೋಗಿಯ ವೇಷದಿಂದಿದ್ದು ಇರುಳಲ್ಲಿ ಕಳವು ಮಾಡುವನು. ಅರಸನ ಹಾರವು ಕಳವಾಗಲು, ತಳಾರನಾದ ಯಮದಂಡನಿಗೆ ಗಡುವು ಬೀಳುತ್ತದೆ. ಯಮದಂಡನು ಕುಷ್ಠರೋಗಿಯನ್ನೇ ಹಿಡಿದು ತರುತ್ತಾನೆ. ಆತನು ಎಷ್ಟು ಚಿತ್ರಹಿಂಸೆಯಾದರೂ ಒಪ್ಪುವುದಿಲ್ಲ. ಅರಸನು ಅಭಯವಿತ್ತ ಬಳಿಕ ತಾನಾಗಿಯೇ ನಿಜವನ್ನು ನುಡಿಯುತ್ತಾನೆ. ಮಾರುವೇಷ, ಕಳವು, ಗಡುವು, ಹುಡುಕಾಟ, ಕಳ್ಳನಿಗೂ ತಳಾರನಿಗೂ ಇದ್ದ ಹಳೆಯ ಸ್ನೇಹ, ಇಂದಿನ ರೋಮಾಂಚಕ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲವೂ ಸುಮಾರು ಒಂದು ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿ ಸಿದ್ಧವಾಗಿದ್ದಿತು. ಆದರೆ ಇಲ್ಲಿಯೂ ಕಥೆಯ ಒಲವು ಕಳ್ಳನ ಕಡೆಗೆ. ಅವನೇ ಮುಂದೆ ವೈರಾಗ್ಯವನ್ನು ತಾಳುವ ನಾಯಕನು. ತಳಾರನ ಊಹೆಯು ಸರಿಯಾಗಿದ್ದರೂ ಅದನ್ನು ಸಿದ್ಧಪಡಿಸುವ ಮಾತುಗಳಿಲ್ಲ.

ಆದುದರಿಂದ ಪ್ರಾಚೀನ ಸಾಹಿತ್ಯದಲ್ಲಿ ಚೋರನಿದ್ದನು, ಶೋಧನಶಾಸ್ತ್ರವಿದ್ದಿತು, ಶೋಧಕನೂ ಇದ್ದನು; ಶೋಧಕನ ಅನುಮಾನವೇ ರಸಸ್ಥಾನವಾದ ಕಥೆ ಮಾತ್ರ ಇರಲಿಲ್ಲವೆಂದು ಹೇಳಬಹುದು.

೩

ಆ ಕೊರತೆಯು ತುಂಬಿದ್ದು ಪಶ್ಚಿಮದಲ್ಲಿ. ಅಮೆರಿಕದ ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಪ್ರಕಟಿಸಿದ ಒಂದು ಕಥೆಯಲ್ಲಿ ದ್ಯೂಪಾಂ ಎಂಬ ಪಾತ್ರವನ್ನು ಸೃಜಿಸಿದನು. ಈತನು ಹಗಲೆಲ್ಲ ಕಿಟಕಿಗಳನ್ನು ಮುಚ್ಚಿ ದೀಪದ ಬೆಳಕಿನಲ್ಲಿ ಕುಳಿತಿದ್ದು, ರಾತ್ರಿಯಾದ ಮೇಲೆ ಪ್ಯಾರಿಸ್ ನಗರದ ಬೀದಿಗಳಲ್ಲಿ ಅಲೆಯುವ ವಿಚಿತ್ರ ಪುರುಷನು. ೧೮೮೭ರಲ್ಲಿ ಆರ್ಥರ್ ಕೊನಾನ್ ಡಾಯ್ಲ್ ಷರ್ಲಾಕ್ ಹೋಮ್ಸನನ್ನು ಲೋಕಕ್ಕೆ ಪರಿಚಯಿಸಿದನು. ಪಿಟೀಲು ಬಾರಿಸುವುದು, ಹೊಗೆಸೊಪ್ಪನ್ನು ಪಾದರಕ್ಷೆಯಲ್ಲಿ ತುಂಬಿಡುವುದು, ಬಗೆಬಗೆಯ ಬೂದಿಗಳ ಭೇದವನ್ನು ಬಲ್ಲವನಾದರೂ ಭೂಮಿಯು ಸೂರ್ಯನನ್ನು ಸುತ್ತುವುದೆಂಬುದನ್ನು ಅರಿಯದಿರುವುದು, ಇಂಥ ವಕ್ರತೆಗಳಿಂದಲೇ ಆತನು ವಾಚಕರ ನೆನಪಿನಲ್ಲಿ ನಿಂತನು. ೧೮೯೩ರಲ್ಲಿ ಕರ್ತನು ಬೇಸತ್ತು ಆತನನ್ನು ಜಲಪಾತದಲ್ಲಿ ಕೆಡವಿದರೂ ವಾಚಕರು ಒಪ್ಪಲಿಲ್ಲ. ೧೯೦೩ರಲ್ಲಿ ಆತನನ್ನು ಮತ್ತೆ ಬದುಕಿಸಬೇಕಾಯಿತು. ೧೯೨೭ರ ವೇಳೆಗೆ ನಾಲ್ಕು ಕಾದಂಬರಿಗಳೂ ಐವತ್ತಾರು ಸಣ್ಣ ಕಥೆಗಳೂ ಆ ಮಾಲೆಯಲ್ಲಿ ಸೇರಿದ್ದುವು.

ನಾಯಕನಿಗೆ ಈ ವೈಚಿತ್ರ್ಯವು ಏಕೆ ಬೇಕು? ನ್ಯಾಯಶಾಸ್ತ್ರದ ಒಂದು ಪರಿಭಾಷೆ ಇಲ್ಲಿ ನೆರವಾಗುತ್ತದೆ. ಒಂದು ವಸ್ತುವಿನಲ್ಲಿ ಮಾತ್ರವಿದ್ದು ಬೇರೊಂದರಲ್ಲಿ ಇಲ್ಲದಿರುವ ಅಸಾಧಾರಣಧರ್ಮವನ್ನೇ ಆ ಶಾಸ್ತ್ರವು ಲಕ್ಷಣವೆನ್ನುತ್ತದೆ. ಧೈರ್ಯ, ಬುದ್ಧಿ, ಸತ್ಯಸಂಧತೆಗಳು ಎಲ್ಲ ನಾಯಕರಿಗೂ ಸಾಧಾರಣವಾದ ಗುಣಗಳು. ಅವುಗಳಿಂದ ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸಲಾಗದು. ಪಾದರಕ್ಷೆಯಲ್ಲಿಟ್ಟ ಹೊಗೆಸೊಪ್ಪು ಹೋಮ್ಸನ ಲಕ್ಷಣವಾಯಿತು. ಇದಲ್ಲದೆ ಮತ್ತೊಂದು ಪ್ರಯೋಜನವೂ ಉಂಟು. ಲೋಕರೂಢಿಯೊಳಗೆ ಮುಳುಗಿದವನಿಗೆ ರೂಢಿಯ ವಸ್ತುಗಳು ಕಣ್ಣಿಗೆ ಬೀಳುವುದಿಲ್ಲ. ರೂಢಿಯಿಂದ ಅರ್ಧ ಹೊರಗೆ ನಿಂತವನಿಗೆ ಬೀಳುತ್ತವೆ. ಮೂರನೆಯದಾಗಿ, ಕಥೆಯಿಂದ ಕಥೆಗೆ ಕೊಲೆಗಾರನು ಬೇರೆ, ಊರು ಬೇರೆ, ಆಯುಧ ಬೇರೆ. ಬದಲಾಗದೆ ನಿಲ್ಲುವುದು ನಾಯಕನ ಈ ಸ್ವಭಾವವೊಂದೇ. ಸಂಚಾರಿಗಳ ನಡುವೆ ಸ್ಥಾಯಿಯು ನಿಲ್ಲುವಂತೆ ಮಾಲೆಯ ನಡುವೆ ಇದು ನಿಲ್ಲುತ್ತದೆ. ಆದಕಾರಣ ವಾಚಕನು ಎರಡನೆಯ ಪುಸ್ತಕಕ್ಕೆ ಕೈಯಿಕ್ಕುವುದು ಹೊಸ ಕೊಲೆಯ ಆಸೆಯಿಂದಲ್ಲ, ಹಳೆಯ ಪರಿಚಯದ ಪ್ರೀತಿಯಿಂದ.

ಭಾರತೀಯ ಭಾಷೆಗಳ ಮಾಲೆಗಳೂ ಇದೇ ಮಾತಿಗೆ ಸಾಕ್ಷಿಯಾಗಿವೆ. ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯರು ೧೯೩೨ರಲ್ಲಿ ಆರಂಭಿಸಿದ ಕಥೆಗಳ ನಾಯಕ ವ್ಯೋಮಕೇಶನು ತನ್ನನ್ನು ಪತ್ತೇದಾರನೆನ್ನದೆ ಸತ್ಯಾನ್ವೇಷಿಯೆಂದು ಕರೆದುಕೊಂಡನು. ಉರ್ದುವಿನಲ್ಲಿ ಇಬ್ನ್-ಎ-ಸಫಿಯವರು ೧೯೫೨ರಲ್ಲಿ ಅಲಹಾಬಾದಿನಿಂದ ಒಂದು ಮಾಲೆಯನ್ನೂ, ೧೯೫೫ರಿಂದ ಇಮ್ರಾನನೆಂಬ ನಾಯಕನ ಮತ್ತೊಂದು ಮಾಲೆಯನ್ನೂ ಹೊರಡಿಸಿದರು. ಈ ಇಮ್ರಾನನು ಹೊರನೋಟಕ್ಕೆ ಬರಿಯ ಪೆದ್ದ. ಒಳಗೆ ಅಸಾಧಾರಣ ಮೇಧಾವಿ. ವಿದೂಷಕನೂ ನಾಯಕನೂ ಒಂದೇ ದೇಹದಲ್ಲಿ ನೆಲಸಿದುದನ್ನು ಸಂಸ್ಕೃತನಾಟಕವೂ ಕಂಡಿರಲಿಲ್ಲ.

೪

ಕನ್ನಡದಲ್ಲಿ ಈ ಜಾತಿಯ ಚರಿತ್ರೆಯು ಶಬ್ದದಿಂದಲೇ ಆರಂಭವಾಗುತ್ತದೆ. ಹಳಗನ್ನಡದ ‘ತಳಾರ’ನು ಹಳ್ಳಿಯ ತಳವಾರನಾಗಿ ಉಳಿದನು, ಹೊಸ ಕಥೆಗೆ ಬೇಕಾದ ಶೋಧಕನಿಗೆ ‘ಪತ್ತೆ’ಯೆಂಬ ಮಾತಿಗೆ ಪಾರಸಿಯ ‘ದಾರ’ ಪ್ರತ್ಯಯವನ್ನು ಹಚ್ಚಿ, ಅಮಲ್ದಾರ ಶಿರಸ್ತೇದಾರರ ಸಾಲಿನಲ್ಲಿ ‘ಪತ್ತೇದಾರ’ನನ್ನು ನಿಲ್ಲಿಸಿದರು. ಸರ್ಕಾರಿ ಕಚೇರಿಯ ವಾಸನೆಯುಳ್ಳ ಈ ಶಬ್ದವು ಜನಪ್ರಿಯ ಸಾಹಿತ್ಯದ ಹೆಸರಾದುದು ಗಮನಾರ್ಹ.

ಬಿ. ವೆಂಕಟಾಚಾರ್ಯರು (೧೮೪೫–೧೯೧೪) ಬಂಗಾಳಿಯಿಂದಲೂ ಗಳಗನಾಥರು ಮರಾಠಿಯ ಮೇಲ್ಪಂಕ್ತಿಯಿಂದಲೂ ಕಾದಂಬರಿಗಳನ್ನು ತಂದು ಕನ್ನಡಿಗರಿಗೆ ಗದ್ಯಕಥೆಯ ರುಚಿಯನ್ನು ಹತ್ತಿಸಿದರು. ಮೈಸೂರಿನಲ್ಲಿ ತಾತಯ್ಯನೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ‘ಚೋರಗ್ರಹಣ ತಂತ್ರ’ವೆಂಬ ಗ್ರಂಥವನ್ನು ರಚಿಸಿದರು. ಸಂಸ್ಕೃತ ಶಾಸ್ತ್ರಗ್ರಂಥಕ್ಕೆ ಒಪ್ಪುವ ಆ ಹೆಸರೇ ಅಂದಿನ ಗ್ರಂಥಕರ್ತರು ಈ ವಸ್ತುವನ್ನು ಎಷ್ಟು ಗೌರವದಿಂದ ಕಂಡರೆಂಬುದನ್ನು ಸೂಚಿಸುತ್ತದೆ.

ಆದರೆ ಒಬ್ಬ ನಾಯಕನ ಹೆಸರಿನಿಂದ ನಾಡೆಲ್ಲ ಗುರುತಿಸುವ ಮಾಲೆಯು ಬಂದುದು ೧೯೫೨ರಲ್ಲಿ, ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ದಿಂದ. ೧೯೨೫ರಲ್ಲಿ ಚಿಕ್ಕಮಗಳೂರಿನಲ್ಲಿ ಜನಿಸಿದ ಇವರು ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಹೊಟ್ಟೆಪಾಡಿಗಾಗಿ ಹಲವು ಕೂಲಿಕೆಲಸಗಳನ್ನು ಮಾಡಿದ ಈ ಪುರುಷನು ೨೦೧೧ರಲ್ಲಿ ಗತಿಸುವ ವೇಳೆಗೆ ಐನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದಿದ್ದರು; ಅವುಗಳಲ್ಲಿ ಬಹುಪಾಲು ಪತ್ತೇದಾರಿ. ಪಾಠಶಾಲೆಯನ್ನಾಗಲಿ ವಿಶ್ವವಿದ್ಯಾನಿಲಯವನ್ನಾಗಲಿ ಕಾಣದ ಒಬ್ಬನ ಕೈಯಿಂದ ಕನ್ನಡದಲ್ಲಿ ಇಷ್ಟೊಂದು ಗದ್ಯವು ಹೊರಟುದು ಚರಿತ್ರಕಾರನು ತಪ್ಪದೆ ಗಮನಿಸತಕ್ಕ ಸಂಗತಿ.

ಅವರ ಪತ್ತೇದಾರರ ಹೆಸರುಗಳನ್ನು ವಿಚಾರಿಸಿದರೆ ಇನ್ನೊಂದು ಅಂಶವು ಹೊಳೆಯುತ್ತದೆ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ. ಮೊದಲಿನ ಎರಡೂ ವಿಷ್ಣುವಿನ ನಾಮಗಳು; ಮಧುಸೂದನನೆಂದರೆ ಮಧುವೆಂಬ ದೈತ್ಯನನ್ನು ಕೊಂದವನು; ಅರಿಂಜಯನೆಂದರೆ ಹಗೆಗಳನ್ನು ಗೆದ್ದವನು; ಗಾಳಿರಾಯನು ವಾಯುದೇವನ ನೆನಪನ್ನು ತರುವ ಅಚ್ಚಗನ್ನಡದ ಹೆಸರು. ದುಷ್ಟನು ಪ್ರತಿಯೊಂದು ಕಥೆಯಲ್ಲಿ ಹೊಸಬನಾಗಿ ಹುಟ್ಟುವನು, ನಿಗ್ರಹಿಸುವವನು ಅವನೇ ಆಗಿ ಮರಳಿ ಬರುವನು ಎಂಬ ಅವತಾರಕಥೆಯ ಕ್ರಮವೇ ಈ ಮಾಲೆಗಳ ಕ್ರಮವೂ ಆಗಿದೆ. ಹರಿಕಥೆಯನ್ನೂ ಬಯಲಾಟವನ್ನೂ ಕೇಳಿ ಕಂಡು ಬೆಳೆದ ವಾಚಕನಿಗೆ ಅಂತ್ಯವು ಮೊದಲೇ ತಿಳಿದಿರುವುದು ಕೊರತೆಯಾಗಿ ತೋರಲಿಲ್ಲ. ಕೀಚಕನು ಸಾಯುವನೆಂದು ತಿಳಿಯದೆ ಯಾರೂ ಕೀಚಕವಧೆಯ ಆಟಕ್ಕೆ ಹೋಗುವುದಿಲ್ಲವಷ್ಟೆ. ಲಂಡನ್ ನಗರದ ಹೋಮ್ಸನು ವಕ್ರತೆಯಿಂದ ಪಡೆದ ಗುರುತನ್ನು ಕನ್ನಡದ ಪತ್ತೇದಾರನು ಹೆಸರಿನ ಬಲದಿಂದಲೇ ಬಹುಮಟ್ಟಿಗೆ ಪಡೆದನೆಂದು ಹೇಳಿದರೆ ತಪ್ಪಾಗಲಾರದು.

ಇದೇ ಕಾಲದಲ್ಲಿ ಮ. ರಾಮಮೂರ್ತಿಯವರೂ ಅನೇಕ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಕನ್ನಡ ಚಳವಳಿಯ ಮುಂದಾಳಾಗಿ, ಹಳದಿ ಕೆಂಪು ಬಣ್ಣಗಳ ಕನ್ನಡ ಬಾವುಟವನ್ನು ರೂಪಿಸಿದವರು ಇವರೇ. ೧೯೬೭ರಲ್ಲಿ ಇವರು ಅಕಾಲಮರಣಕ್ಕೆ ತುತ್ತಾದರು. ನಾಡಿನ ಬಾವುಟವನ್ನು ಎಲ್ಲರೂ ಬಲ್ಲರು. ಅದನ್ನು ಕೊಟ್ಟ ಕೈಯೇ ಪತ್ತೇದಾರಿ ಕಥೆಗಳನ್ನೂ ಬರೆದುದನ್ನು ಬಲ್ಲವರು ವಿರಳ. ಅಗ್ಗದ ಪುಸ್ತಕಗಳನ್ನು ಕನ್ನಡದಲ್ಲಿ ಜನರ ಕೈಗಿಡುವುದೂ ಬಾವುಟವನ್ನು ಏರಿಸುವುದೂ ಒಂದೇ ಕಾರ್ಯದ ಎರಡು ಮುಖಗಳೆಂದು ಈ ಜೀವನದಿಂದ ಊಹಿಸಬಹುದು.

೫

ಈ ಕಥೆಗಳ ಒಳತಿರುಳಾದ ಅನುಮಾನವನ್ನು ವಿವರಿಸಲು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗಿಂತ ಒಳ್ಳೆಯ ಉದಾಹರಣೆ ದೊರೆಯದು. ಪಾಠಶಾಲೆಗಳಲ್ಲಿ ಹೊಗೆಯಿಂದ ಬೆಟ್ಟದ ಬೆಂಕಿಯನ್ನು ಊಹಿಸುವ ದೃಷ್ಟಾಂತವನ್ನು ಹೇಳುವುದು ವಾಡಿಕೆ. ಈ ಸೀಮೆಯ ರೈತನಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ತಾನಾಗಿ ಬಿಡುತ್ತದೆ. ಇದಾವುದೂ ಕಣ್ಣಿಗೆ ಕಾಣುವುದಿಲ್ಲ. ರೈತನು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುವನು. ನೀರಿನ ಕುಲುಕು ಕೇಳಿದರೆ ಇನ್ನೂ ಕಾಲವಿದೆ. ಒಣ ಉಂಡೆಯು ಗಡಗಡನೆ ಉರುಳಿದರೆ ಕೊಬ್ಬರಿ ಸಿದ್ಧವಾಗಿದೆ. ಕಾಯಿಯೇ ಪಕ್ಷ, ಕೊಬ್ಬರಿ ಬಿಟ್ಟಿರುವುದು ಸಾಧ್ಯ, ಗಡಗಡ ಸದ್ದು ಹೇತು, ತಲೆಮಾರುಗಳ ಅನುಭವವೇ ವ್ಯಾಪ್ತಿ. ಸದ್ದು ಸರಿಯಾಗಿದ್ದರೂ ಒಳಗೆ ಕೆಟ್ಟ ಕೊಬ್ಬರಿ ಇರುವುದುಂಟು. ಅದು ಒಡೆದಾಗಲೇ ತಿಳಿಯುವುದು. ಕೊಬ್ಬರಿ ಚೆನ್ನಾಗಿದೆಯೆಂಬುದಕ್ಕೂ ಆ ಸದ್ದನ್ನೇ ಹೇತುವೆಂದು ಹಿಡಿದರೆ ಅದು ವ್ಯಭಿಚರಿಸುವುದೆಂದರ್ಥ.

ಪತ್ತೇದಾರನು ಮಾಡುವುದೂ ಇದನ್ನೇ. ಆತನು ಮೊದಲು ಸದ್ದಿಲ್ಲದೆ ತನಗೆ ತಾನೇ ನಿಶ್ಚಯಿಸಿಕೊಳ್ಳುವನು; ಇದು ಸ್ವಾರ್ಥಾನುಮಾನ. ಕೊನೆಯ ಪ್ರಕರಣದಲ್ಲಿ ಎಲ್ಲರನ್ನೂ ಕೂಡಿಸಿ, ಪ್ರತಿಜ್ಞೆಯಿಂದ ನಿಗಮನದವರೆಗೆ ಒಂದೊಂದಾಗಿ ಬಿಡಿಸಿ ಹೇಳುವನು, ಇದು ಪರಾರ್ಥಾನುಮಾನ. ನಡುವೆ ವಾಚಕನನ್ನು ದಾರಿ ತಪ್ಪಿಸುವ ಸುಳ್ಳು ಕುರುಹುಗಳೆಲ್ಲ ಹೇತ್ವಾಭಾಸಗಳು. ಈ ಎರಡು ಅನುಮಾನಗಳ ನಡುವಣ ವಿಳಂಬವೇ ಕಾದಂಬರಿಯ ಆಯುಷ್ಯ. ಪತ್ತೇದಾರನಿಗೆ ತಿಳಿದಿದೆ, ತನಗಿನ್ನೂ ತಿಳಿದಿಲ್ಲ ಎಂಬ ತವಕದಲ್ಲಿ ವಾಚಕನು ತಾನೂ ಊಹಿಸತೊಡಗುವನು. ಊಹೆಯು ಮುರಿದಾಗ ವಿಸ್ಮಯವಾಗುವುದು. ವಿಸ್ಮಯವೇ ಅದ್ಭುತರಸದ ಸ್ಥಾಯಿಯೆಂಬುದು ಸರ್ವಸಮ್ಮತ. ಪಾಠಶಾಲೆಯಲ್ಲಿ ನೀರಸವೆಂದು ಹೆಸರಾದ ತರ್ಕವು ರಸವಾಗಿ ಪರಿಣಮಿಸಿದ ಏಕಮಾತ್ರ ಕಥಾಜಾತಿ ಬಹುಶಃ ಇದೇ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ೧೯೦೬ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯು ೧೯೫೩ರಲ್ಲಿ, ಅಂದರೆ ‘ಪತ್ತೇದಾರ ಪುರುಷೋತ್ತಮ’ವು ಹೊರಬಂದ ಮರುವರ್ಷವೇ, ಪ್ರಕಟವಾಯಿತು. ಒಂದು ಗ್ರಂಥವು ರಸವೆಂದರೇನೆಂದು ಕನ್ನಡಿಗರಿಗೆ ಕನ್ನಡದಲ್ಲಿಯೇ ತಿಳಿಯಹೇಳಿತು. ಮತ್ತೊಂದು ಆ ಹೆಸರನ್ನೇ ಕೇಳದ ಸಾವಿರಾರು ಜನರನ್ನು ಓದಿಗೆ ಕೂರಿಸಿತು. ಮೊದಲನೆಯದನ್ನು ಓದಿದವರು ಎರಡನೆಯದನ್ನು ಓದಿದೆವೆಂದು ಹೇಳಿಕೊಳ್ಳಲು ನಾಚಿದರು. ಎರಡನೆಯದನ್ನು ಓದಿದವರಿಗೆ ಮೊದಲನೆಯದು ತಲುಪಲಿಲ್ಲ. ಈ ಎರಡು ಓದುಗಳ ನಡುವಣ ಬಿರುಕು ಇಂದಿಗೂ ಮುಚ್ಚಿಲ್ಲ.

೬

ಈ ಜಾತಿಗೆ ವಿರುದ್ಧವಾಗಿ ಹೇಳುವ ಆಕ್ಷೇಪಗಳು ಮುಖ್ಯವಾಗಿ ಎರಡು. ಕೊಲೆ ಕಳವುಗಳ ಕಥೆಯು ಎಳೆಯರ ಮನಸ್ಸನ್ನು ಕೆಡಿಸುವುದೆಂಬುದು ಮೊದಲನೆಯದು. ಶರ್ವಿಲಕನ ಕನ್ನವನ್ನೂ ವಿದ್ಯುಚ್ಚೋರನ ಕಳವನ್ನೂ ಪಠ್ಯವಾಗಿ ಬೋಧಿಸುವವರಿಗೆ ಈ ಆಕ್ಷೇಪವು ಶೋಭಿಸದು. ಅಲ್ಲದೆ ಹಳೆಯ ಕಥೆಗಳಲ್ಲಿ ಕಳ್ಳನಿಗಿದ್ದ ವೈಭವವನ್ನು ಕಸಿದು ಶೋಧಕನಿಗೆ ಕೊಟ್ಟುದು ಪತ್ತೇದಾರಿ ಕಾದಂಬರಿಯೇ ಹೊರತು ಬೇರೆಯಲ್ಲ.

ಅವಸರದ ಬರಹ, ಒಂದೇ ಅಚ್ಚಿನ ಕಥೆ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿದೆ. ಐನೂರು ಗ್ರಂಥಗಳನ್ನು ಬರೆದ ಕೈಯಿಂದ ಐನೂರೂ ಸಮಾನವಾಗಿ ಬರಲಾರವು. ಆದರೆ ಗುಣದೋಷಗಳನ್ನು ವಿಂಗಡಿಸುವ ಕೆಲಸವನ್ನು ವಿಮರ್ಶಕರು ಕೈಗೊಂಡರೆ? ಕೈಗೊಳ್ಳಲು ಅಳತೆಗೋಲಿಲ್ಲವೆಂದೂ ಹೇಳುವಂತಿಲ್ಲ. ಹೇತುವನ್ನು ವಾಚಕನ ಕಣ್ಣೆದುರಿಗೆ ಮೊದಲೇ ಇಟ್ಟಿರುವನೆ, ಕೊನೆಯ ಗಳಿಗೆಯಲ್ಲಿ ಕಿಸೆಯಿಂದ ತೆಗೆದನೆ? ವ್ಯಾಪ್ತಿಯು ನಿಲ್ಲುವುದೆ? ನಾಯಕನ ಅಸಾಧಾರಣಧರ್ಮವು ಶೋಧನಕ್ಕೆ ನೆರವಾಯಿತೆ, ಬರಿಯ ಅಲಂಕಾರವಾಗಿ ಉಳಿಯಿತೆ? ಈ ಮೂರು ಪ್ರಶ್ನೆಗಳಿಂದ ಒಳ್ಳೆಯ ಪತ್ತೇದಾರಿ ಕೃತಿಯನ್ನು ಜೊಳ್ಳಿನಿಂದ ಬೇರ್ಪಡಿಸಬಹುದು.

ಆದರೆ ಈ ಪರೀಕ್ಷೆಗೆ ಗ್ರಂಥಗಳು ಕೈಗೆ ಸಿಕ್ಕಬೇಕು. ಕೆಳದರ್ಜೆಯ ಕಾಗದದಲ್ಲಿ ಅಚ್ಚಾಗಿ, ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ ಕೈಯಿಂದ ಕೈಗೆ ಸಾಗಿದ ಇಂಥ ಪುಸ್ತಕಗಳು ಓದುವವರ ಪ್ರೀತಿಯಿಂದಲೇ ಹರಿದುಹೋಗುವುದು ಸ್ವಾಭಾವಿಕ. ಆ ಅಂಗಡಿಗಳೂ ಬಹುಮಟ್ಟಿಗೆ ಮುಚ್ಚಿಹೋಗಿವೆ. ಓಲೆಗರಿಯ ಒಂದು ತುಂಡಿಗಾಗಿ ಊರೂರು ಅಲೆದು, ಸಾವಿರ ವರ್ಷಗಳ ಹಿಂದಿನ ವಿದ್ಯುಚ್ಚೋರನನ್ನು ಉಳಿಸಿಕೊಂಡ ವಿದ್ವತ್ಪರಂಪರೆಯು ೧೯೫೨ರ ಪುರುಷೋತ್ತಮನನ್ನು ರದ್ದಿಗೆ ಬಿಡುವುದು ಯುಕ್ತವಲ್ಲ. ಕನ್ನಡಿಗರು ಏನನ್ನು ಬರೆದರೆಂಬ ಚರಿತ್ರೆಯು ತಕ್ಕಮಟ್ಟಿಗೆ ಸಿದ್ಧವಾಗಿದೆ. ಏನನ್ನು ಓದಿದರೆಂಬ ಚರಿತ್ರೆಯು ಇನ್ನೂ ಬರೆಯಬೇಕಾಗಿದೆ. ಅದಕ್ಕೆ ಆಧಾರವಾದ ಗ್ರಂಥಗಳನ್ನು ಸಂಗ್ರಹಿಸಿ, ಪ್ರಕಟವಾದ ವರ್ಷ ಮತ್ತು ಪ್ರಕಾಶಕರ ಹೆಸರುಗಳೊಡನೆ ಒಂದು ಪಟ್ಟಿಯನ್ನಾದರೂ ಸಿದ್ಧಪಡಿಸುವುದು ಸಾಹಿತ್ಯಸಂಸ್ಥೆಗಳ ಕರ್ತವ್ಯ. ಪಾಠಾಂತರಗಳ ನಡುವೆ ಕುರುಹುಗಳನ್ನು ಹಿಡಿದು ಮೂಲವನ್ನು ಊಹಿಸುವ ಗ್ರಂಥಸಂಪಾದಕನೂ ತನ್ನ ಬಗೆಯಲ್ಲಿ ಪತ್ತೇದಾರನೇ ಆಗಿರುವುದರಿಂದ, ಈ ಕೆಲಸಕ್ಕೆ ಬೇಕಾದ ವಿದ್ಯೆಯು ಪಂಡಿತರಲ್ಲಿ ಇಲ್ಲವೆಂದು ಯಾರೂ ಹೇಳಲಾರರು.